ಬೊರೋಕಾಳ ಕಾವಲುಪೆಟ್ಟಿಗೆ

ಹಂಗೇರಿಯ ಬಾಲಾಟೊನ್ ಸರೋವರದ ದಡದ ಚೋಪಾಕ್ ಬಂದರಿನಲ್ಲಿ ಗಿಜೆಲ್ಲಾಳ ಹೊಟ್ಟೆಕಿಚ್ಚು ಗುಟ್ಟೇನೂ ಆಗಿರಲಿಲ್ಲ. ಹಗ್ಗ ಕಟ್ಟುವವರಿಂದ ಹಿಡಿದು ಮೀನು ಕರಿಯುವವರ ತನಕ ಎಲ್ಲರಿಗೂ ಗೊತ್ತಿತ್ತು. ಯಾರ ಮೇಲೆ ಆ ಕಿಚ್ಚೋ ಆ ಬೊರೋಕಾ ಒಬ್ಬಳಿಗೆ ಮಾತ್ರ ತಿಳಿದಂತಿರಲಿಲ್ಲ. ವರ್ಷಕ್ಕೊಮ್ಮೆ ಕ್ರಿಸ್‌ಮಸ್‌ಗೆ ಅವಳಿಂದ ತಪ್ಪದೆ ಕಾರ್ಡು ಬರುತ್ತಿತ್ತು. ಗಿಜೆಲ್ಲಾ ಅದನ್ನು ಓದಿ, ಅಕ್ಷರ ಎಷ್ಟು ಸೊಟ್ಟಗಿದೆ ನೋಡು ಎಂದು ಗಂಡನಿಗೆ ತೋರಿಸಿ, ಒಲೆಗೆ ಹಾಕುತ್ತಿದ್ದಳು.

ಇಬ್ಬರೂ ವೆಸ್ಪ್ರೇಮ್ ಪಟ್ಟಣದ ಕಸುಬುಶಾಲೆಯಲ್ಲಿ ಒಂದೇ ಬೆಂಚಿನವರು. ವಿದ್ಯುತ್ ಕೆಲಸ ಕಲಿಯಲು ಬಂದ ಇಪ್ಪತ್ತೆಂಟು ಹುಡುಗರ ನಡುವೆ ಇದ್ದದ್ದು ಇವರಿಬ್ಬರೇ ಹುಡುಗಿಯರು. ಗಿಜೆಲ್ಲಾ ಬೆಸುಗೆ ಹಾಕಿದರೆ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಮೇಷ್ಟ್ರು ಅವಳ ಮೊದಲ ವರ್ಷದ ಕೆಲಸವನ್ನು ಗೋಡೆಗೆ ತೂಗುಹಾಕಿ, "ನೋಡಿ ಕಲೀರಿ, ಕತ್ತೆಗಳಾ" ಎಂದಿದ್ದರು. ಬೊರೋಕಾಳದು ಇನ್ನೊಂದು ಬಗೆ. ಕೈ ಸುಟ್ಟುಕೊಳ್ಳುತ್ತಿದ್ದಳು, ತಂತಿ ತಪ್ಪಾಗಿ ಕಟ್ಟುತ್ತಿದ್ದಳು, ಬೈಸಿಕೊಂಡು ನಗುತ್ತಿದ್ದಳು. ಶಾಲೆ ಮುಗಿದ ಮೇಲೆ ಗಿಜೆಲ್ಲಾ ಸರೋವರದ ದಡಕ್ಕೆ ಮರಳಿದಳು. ಬಾಲಾಟೊನಿನಲ್ಲಿ ಪೆಟ್ರೋಲ್ ಎಂಜಿನ್ನಿನ ಖಾಸಗಿ ದೋಣಿ ಬಿಡುವಂತಿಲ್ಲ, ಅಪ್ಪಂದಿರ ಕಾಲದಿಂದಲೂ ಹಾಗೇ. ಅದರಿಂದ ಬ್ಯಾಟರಿ ದೋಣಿಗೆ ಕೈ ಹಾಕಬಲ್ಲವರಿಗೆ ಇಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಬೊರೋಕಾ ಗಡಿ ದಾಟಿ ಪಕ್ಕದ ದೇಶದ ಗ್ರಾಟ್ಸ್‌ಗೆ ಹೋದಳು, ಹದಿನಾಲ್ಕು ವರ್ಷ ಅಲ್ಲಿನ ಬ್ಯಾಟರಿ ಕಾರ್ಖಾನೆಯೊಂದರಲ್ಲಿ ದುಡಿದಳು, ವಾಪಸ್ಸು ಬಂದು ವೆಸ್ಪ್ರೇಮಿನಲ್ಲಿ ತನ್ನದೇ ಕಾರ್ಯಾಗಾರ ತೆರೆದಳು. ಈಗ ದಡದ ಉದ್ದಕ್ಕೂ ಒಳ್ಳೆಯ ದೋಣಿಗಳ ಒಳಗೆಲ್ಲ ಅವಳ ಪೆಟ್ಟಿಗೆ. ಮೇಲೆ ಹಸಿರು ಜೂನಿಪರ್ ಕಡ್ಡಿಯ ಚಿತ್ರ. ಹಂಗೇರಿಯನ್ನಿನಲ್ಲಿ ಬೊರೋಕಾ ಎಂದರೆ ಜೂನಿಪರ್ ಎಂಬ ಸೂಜಿಯೆಲೆಯ ಗಿಡವೇ. ಅವಳ ಹೆಸರೇ ಗುರುತಾಗಿ ಅಂಟಿಕೊಂಡು ಊರೆಲ್ಲ ತಿರುಗುತ್ತಿತ್ತು. ಗಿಜೆಲ್ಲಾಗೆ ಎಲ್ಲಿ ಆ ಹಸಿರು ಕಡ್ಡಿ ಕಂಡರೂ ಕಣ್ಣಿಗೆ ಚುಚ್ಚಿದ ಹಾಗಾಗುತ್ತಿತ್ತು.

ಹೀಗಿರುವಾಗ ಬಂದರು ಸಂಘದವರ ಹಳೆಯ ಪ್ರವಾಸಿ ದೋಣಿಯ ಡೀಸೆಲ್ ಎಂಜಿನ್ ಸತ್ತುಹೋಯಿತು. ದೋಣಿಯ ಹೆಸರು 'ಬೂದು ಕೊಕ್ಕರೆ'. ನಲವತ್ತು ಜನ ಕೂರುವ ಕಬ್ಬಿಣದ ದೋಣಿ, ವಯಸ್ಸು ಅರವತ್ತರ ಮೇಲೆ. ಸಂಘದ ಅಧ್ಯಕ್ಷ ವೆಂದೆಲ್ ಬಾಚಿಯೇ ಅದರ ಕ್ಯಾಪ್ಟನ್ನು; ಬಾಚಿ ಎಂದರೆ ಅಲ್ಲಿ ಚಿಕ್ಕಪ್ಪ, ದೊಡ್ಡವರನ್ನೆಲ್ಲ ಹಾಗೇ ಕರೆಯುವುದು. ಇನ್ನು ಡೀಸೆಲ್ಲಿನ ಗೊಡವೆಯೇ ಬೇಡ, ಈಸ್ಟರಾಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ್ ಹಬ್ಬದ ಹೊತ್ತಿಗೆ ಇದನ್ನು ಲಿಥಿಯಮ್ ಬ್ಯಾಟರಿಯ ಮೇಲೆ ಓಡಿಸೋಣ ಎಂದು ತೀರ್ಮಾನವಾಯಿತು. ಕೆಲಸ ಗಿಜೆಲ್ಲಾಗೇ ಬಂತು.

ದಪ್ಪ ಇಟ್ಟಿಗೆಯಂಥ ಅರವತ್ತನಾಲ್ಕು ಸೆಲ್‌ಗಳು. ಮೂವತ್ತೆರಡು ಮೂವತ್ತೆರಡರಂತೆ ಎರಡು ಸಾಲು. ಸೆಲ್ ಜೋಡಿಸುವುದು ದೊಡ್ಡ ವಿದ್ಯೆಯಲ್ಲ, ಅವನ್ನು ಕಾಯುವುದೇ ವಿದ್ಯೆ. ಒಂದು ಸೆಲ್ ಅತಿಯಾಗಿ ತುಂಬಿದರೆ ಉಬ್ಬಿ ಕಾದು ಹೊಗೆ ಕಾರುತ್ತದೆ, ಅತಿಯಾಗಿ ಬರಿದಾದರೆ ಸತ್ತೇಹೋಗುತ್ತದೆ, ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಚಾರ್ಜು ಕೊಟ್ಟರೆ ಒಳಗೊಳಗೇ ಕೆಡುತ್ತದೆ. ಅದಕ್ಕೆ ಪ್ರತಿ ಸೆಲ್ಲಿಗೂ ಒಂದೊಂದು ಸಣ್ಣ ತಂತಿ ಹಾಕಿ, ಎಲ್ಲದರ ನಾಡಿಯನ್ನೂ ಒಟ್ಟಿಗೆ ಹಿಡಿದು ಕೂರುವ ಪೆಟ್ಟಿಗೆಯೊಂದು ಬೇಕು. ಕಸುಬಿನವರು ಬಿಎಂಎಸ್ ಎನ್ನುತ್ತಾರೆ. ವೆಂದೆಲ್ ಬಾಚಿ ಕಾವಲುಪೆಟ್ಟಿಗೆ ಎನ್ನುತ್ತಿದ್ದ. ಯಾವ ಪೆಟ್ಟಿಗೆ ಎಂದು ಆರಿಸಿ ಸಹಿ ಹಾಕಬೇಕಾದವಳು ಗಿಜೆಲ್ಲಾ.

"ಇದರಲ್ಲಿ ಆರಿಸೋದೇನಿದೆ?" ಎಂದ ವೆಂದೆಲ್ ಬಾಚಿ, ಬಂದರಿನ ಕಚೇರಿಯಲ್ಲಿ ಕಾಫಿ ಕಲಕುತ್ತ. "ಬೊರೋಕಾದು ಹಾಕಿಬಿಡು. ನಮ್ಮೋಳು, ನಮ್ಮ ಜಿಲ್ಲೆಯೋಳು. ಕೆಟ್ಟರೆ ಬಸ್ಸು ಹತ್ತಿ ಬರ್ತಾಳೆ."

"ಹೊರಗಿನದೂ ಒಂದಿದೆ, ಬಾಚಿ. ಕಡಲಾಚೆ ಕಾರ್ಖಾನೇದು. ಎರಡನ್ನೂ ಮೇಜಿನ ಮೇಲಿಟ್ಟು ನೋಡದೆ ನಾನು ಸಹಿ ಹಾಕಲ್ಲ."

"ನೋಡು ನೋಡು. ಆದ್ರೆ ಮೊಸರಲ್ಲಿ ಕಲ್ಲು ಹುಡುಕೋಕೆ ಹೋಗ್ಬೇಡ, ಗಿಜಿ."

ಅವನು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಹಿಂದೆ ಒಮ್ಮೆ ಗಿಜೆಲ್ಲಾ ಬೊರೋಕಾಳ ಪೆಟ್ಟಿಗೆಯ ಹೊರಕವಚ ಬೇಸಿಗೆಗೆ ಕರಗುತ್ತದೆ ಎಂದು ಸುದ್ದಿ ಹಬ್ಬಿಸಿದ್ದಳು. ಕರಗಲಿಲ್ಲ. ಮರುವರ್ಷ ಅದರೊಳಗಿನ ಬೆಸುಗೆ ಕಳಪೆ ಎಂದಳು. ಬಿಚ್ಚಿ ನೋಡಿದರೆ ಕನ್ನಡಿಯ ಹಾಗಿತ್ತು. ಆಮೇಲೆ ದೀಪದ ಬಣ್ಣ ಸರಿಯಿಲ್ಲ ಎಂದಿದ್ದಳು. ಇಡೀ ಬಂದರು ನಕ್ಕಿತ್ತು.

ಬಂದರಿನ ಹಿಂದಿನ ತನ್ನ ಶೆಡ್ಡಿನಲ್ಲಿ ಅವಳು ಮೂವತ್ತೆರಡು ಸೆಲ್‌ಗಳ ಒಂದು ಸಾಲನ್ನು ಹೂಡಿದಳು. ಮೊದಲು ಹೊರಗಿನ ಪೆಟ್ಟಿಗೆ. ನಾಲ್ಕು ದಿನ ಅದನ್ನು ಹಿಂಡಿದಳು. ಲೆಕ್ಕ ಸರಿಯಾಗಿತ್ತು, ಕಣ್ಣು ಚುರುಕಾಗಿತ್ತು. ಆದರೆ ಸಣ್ಣ ಅನುಮಾನ ಬಂದರೂ ಒಂದು ಮಾತೂ ಹೇಳದೆ ಫಟ್ಟನೆ ಇಡೀ ಬ್ಯಾಟರಿ ಕತ್ತರಿಸಿಬಿಡುತ್ತಿತ್ತು. ಮನೆಯ ಸೌರ ಫಲಕಕ್ಕಾದರೆ ಅದು ಸಾಕು, ದೀಪ ಆರುತ್ತದೆ, ಅಷ್ಟೇ. ನಡುಸರೋವರದಲ್ಲಿ, ದಡದಲ್ಲಿ ಬಿರುಗಾಳಿಯ ಎಚ್ಚರಿಕೆ ಕೊಡುವ ದೀಪಗಳು ಮಿನುಗತೊಡಗಿದಾಗ, ನಲವತ್ತು ಜನರ ದೋಣಿಯ ಮೋಟಾರು ಹೇಳದೆ ಕೇಳದೆ ನಿಂತರೆ? ಗಿಜೆಲ್ಲಾ ಈ ಮಾತನ್ನು ವಹಿಯಲ್ಲಿ ಬರೆದಳು. ಆದರೂ ಅದರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅದು ಯಾರದೋ ಏನೋ, ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂತವರದ್ದಲ್ಲ.

ಆಮೇಲೆ ಬೊರೋಕಾಳದು.

ಅದನ್ನು ಗಿಜೆಲ್ಲಾ ಅದೇ ಸಾಲಿಗೆ ಹೂಡಿದಳು. ಕೈಪಿಡಿ ಓದಿದಳು. ಒಳ್ಳೆಯ ಹಂಗೇರಿಯನ್ ಭಾಷೆಯಲ್ಲಿ, ಸುತ್ತಿಬಳಸದೆ ಬರೆದಿತ್ತು. ಅದೂ ಹೊಟ್ಟೆಗೆ ಬೆಂಕಿ. ಪೆಟ್ಟಿಗೆ ಮೊದಲು ಎಚ್ಚರಿಸುತ್ತಿತ್ತು, ಆಮೇಲೆ ಮೋಟಾರಿನ ಬಲ ಅರ್ಧಕ್ಕಿಳಿಸುತ್ತಿತ್ತು, ಹತ್ತು ನಿಮಿಷ ಕೊಟ್ಟು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕತ್ತರಿಸುತ್ತಿತ್ತು. ಕ್ಯಾಪ್ಟನ್ನು ದಡ ಸೇರಲು ಹತ್ತು ನಿಮಿಷ. ಇದನ್ನು ಯೋಚಿಸಿದವಳು ನೀರಿನ ಮೇಲೆ ಗಾಳಿಗೆ ಸಿಕ್ಕವಳು ಎಂದು ಗೊತ್ತಾಗುತ್ತಿತ್ತು. ಬೊರೋಕಾ ಯಾವತ್ತು ಗಾಳಿಗೆ ಸಿಕ್ಕಿದ್ದಳು? ಸಿಕ್ಕವಳು ಗಿಜೆಲ್ಲಾ. ಈ ಯೋಚನೆ ತನಗೆ ಬರಬೇಕಿತ್ತು.

ತಪ್ಪು ಹುಡುಕಲು ಕೂತಳು. ಬಿಸಿ ಅಳೆಯುವ ತಂತಿಯನ್ನು ಮಂಜುಗಡ್ಡೆಯಲ್ಲಿ ಅದ್ದಿದಳು. ಪೆಟ್ಟಿಗೆ ತಕ್ಷಣ ಚಾರ್ಜು ನಿಲ್ಲಿಸಿತು. ಬಿಸಿನೀರಿನಲ್ಲಿ ಅದ್ದಿದಳು, ಎಚ್ಚರಿಸಿತು. ಒಂದು ಸೆಲ್ ಬೇಕೆಂದೇ ಬರಿದು ಮಾಡಿದಳು, ಹೆಸರು ಹಿಡಿದು ಕರೆದ ಹಾಗೆ ಹತ್ತೊಂಬತ್ತನೆಯದು ಎಂದು ತೋರಿಸಿತು. ಒದ್ದೆ ಬಟ್ಟೆ ಹೊದಿಸಿದಳು. ತನ್ನ ಹಳೆಯ ಮೀಟರು ಹಿಡಿದು ಕಾಲು ಗಂಟೆಗೊಮ್ಮೆ ಮೂವತ್ತೆರಡೂ ಸೆಲ್ ಅಳೆದು ಪಕ್ಕಪಕ್ಕ ಬರೆದಳು. ಸಾವಿರಕ್ಕೆ ಒಂದರಷ್ಟೂ ವ್ಯತ್ಯಾಸ ಬರಲಿಲ್ಲ. ಒಂದೊಂದು ಪರೀಕ್ಷೆಯಲ್ಲಿ ಅದು ಪಾಸಾದಾಗಲೂ ಅವಳ ಕೆನ್ನೆಗೆ ಯಾರೋ ಬಾರಿಸಿದ ಹಾಗೆ.

ಗಂಡ ಎಲೆಮೇರ್ ಬಂದರಿನಲ್ಲೇ ಮೀನಿನಂಗಡಿ ಇಟ್ಟವನು. ಮಧ್ಯಾಹ್ನ ಕಾಗದದ ತಟ್ಟೆಯಲ್ಲಿ ಕರಿದ ಮೀನು, ಉಪ್ಪಿನಕಾಯಿ ಸೌತೆ ಹಿಡಿದು ಶೆಡ್ಡಿಗೆ ಬಂದ.

"ಏನಂತೆ ನಿನ್ನ ಸವತಿ?" ಎಂದ.

"ಬಾಯಿ ಮುಚ್ಚು."

"ಎರಡು ವಾರ ಆಯ್ತು. ನನ್ನನ್ನ ಮದುವೆ ಆಗೋ ಮುಂಚೆ ನೀನು ಇಷ್ಟು ಪರೀಕ್ಷೆ ಮಾಡ್ಲಿಲ್ಲ."

"ಮಾಡ್ಬೇಕಿತ್ತು."

"ಒಳ್ಳೇದು ಇದ್ರೆ ಒಳ್ಳೇದು ಅಂದ್ಬಿಡು ಮಾರಾಯ್ತಿ. ನಾಲಿಗೆ ಏನು ಸವೆಯುತ್ತಾ?"

ಅವಳು ಮೀನು ತಿನ್ನದೆ ಪಕ್ಕಕ್ಕೆ ಸರಿಸಿದಳು. ನಾಲಿಗೆ ಸವೆಯುವುದಲ್ಲ, ಇನ್ನೇನೋ ಸವೆಯುತ್ತದೆ ಎಂದು ಅವನಿಗೆ ಹೇಗೆ ಹೇಳುವುದು? ಈ ದಡದಲ್ಲಿ ಲಿಥಿಯಮ್ ಸೆಲ್ ಮೊಟ್ಟಮೊದಲು ಕೂರಿಸಿದವಳು ಅವಳು. ಆಗ ಪೆಟ್ಟಿಗೆ ಗಿಟ್ಟಿಗೆ ಏನೂ ಇರಲಿಲ್ಲ. ಕೈಯಲ್ಲಿ ಮೀಟರು ಹಿಡಿದು ಮಗುವಿನ ಜ್ವರ ನೋಡುವ ಹಾಗೆ ಕಾದಿದ್ದಳು. ಅದು ಯಾರಿಗೂ ನೆನಪಿಲ್ಲ. ಟೀವಿಯವರು ಬ್ಯಾಟರಿ ದೋಣಿಯ ಬಗ್ಗೆ ಕೇಳಬೇಕಾದಾಗ ಸೀದಾ ವೆಸ್ಪ್ರೇಮಿಗೆ ಹೋಗುತ್ತಾರೆ.

ಮೂರನೆಯ ವಾರದ ಸೋಮವಾರ ಬೆಳಿಗ್ಗೆ, ಬೇರೇನೂ ಹೊಳೆಯದೆ, ಚಾರ್ಜು ಓಡುತ್ತಿರುವಾಗಲೇ ಹನ್ನೊಂದು ಹನ್ನೆರಡನೆಯ ಸೆಲ್‌ಗಳ ನಡುವಿನ ಸಣ್ಣ ತಂತಿಯ ತಿರುಪು ಬಿಚ್ಚಿ, ತಂತಿ ಎಳೆದುಬಿಟ್ಟಳು. ಈಗ ಇದು ಬೊಬ್ಬೆ ಹೊಡೆಯುತ್ತದೆ ಎಂದುಕೊಂಡು ಪೆಟ್ಟಿಗೆಯ ಕಡೆ ನೋಡಿದಳು.

ಪೆಟ್ಟಿಗೆ ಸುಮ್ಮನಿತ್ತು. ಹಸಿರು ದೀಪ. ಹನ್ನೊಂದನೆಯದು ಮೂರು ಪಾಯಿಂಟ್ ಐದು ಐದು ವೋಲ್ಟು, ಹನ್ನೆರಡನೆಯದು ಮೂರು ಪಾಯಿಂಟ್ ಐದು ಐದು. ಎಲ್ಲ ಕ್ಷೇಮ.

ತನ್ನ ಮೀಟರು ಹಚ್ಚಿದಳು. ಹನ್ನೊಂದನೆಯದು ಮೂರು ಪಾಯಿಂಟ್ ಏಳು ನಾಲ್ಕು, ಮಿತಿ ಮೀರಿ ಇನ್ನೂ ಏರುತ್ತಿತ್ತು. ಹನ್ನೆರಡನೆಯದು ಮೂರು ಪಾಯಿಂಟ್ ಮೂರು ಆರು. ನಡುವಿನ ತಂತಿ ಇಲ್ಲದ್ದರಿಂದ ಪೆಟ್ಟಿಗೆ ಎರಡನ್ನೂ ಕೂಡಿಸಿ ಸಮಪಾಲು ಮಾಡಿ ತೋರಿಸುತ್ತಿತ್ತು. ಇಬ್ಬರು ಮಕ್ಕಳಲ್ಲಿ ಒಬ್ಬ ಹೊಟ್ಟೆ ಬಿರಿಯ ತಿಂದು ಇನ್ನೊಬ್ಬ ಉಪವಾಸವಿದ್ದರೆ, ಇಬ್ಬರೂ ಅರೆಹೊಟ್ಟೆ ಉಂಡಿದ್ದಾರೆ ಎಂದು ಸಮಾಧಾನ ಪಟ್ಟ ಹಾಗೆ. ಅವಸರದಿಂದ ಚಾರ್ಜು ಆರಿಸಿದಳು. ಪೆಟ್ಟಿಗೆಯನ್ನು ನಿಲ್ಲಿಸಿ ಮತ್ತೆ ಹೊತ್ತಿಸಿದರೆ ತಕ್ಷಣ ಕೂಗಿತು: ಹನ್ನೊಂದನೆಯ ತಂತಿ ಇಲ್ಲ! ಅಂದರೆ ಏಳುವಾಗ ಒಮ್ಮೆ ಮಾತ್ರ ತಂತಿಗಳನ್ನು ಎಣಿಸಿ ನೋಡುತ್ತಿತ್ತು. ಆಮೇಲೆ ದಾರಿಯಲ್ಲಿ ಯಾವುದು ಬಿದ್ದುಹೋದರೂ ಅದಕ್ಕೆ ಖಬರಿಲ್ಲ.

ಗಿಜೆಲ್ಲಾ ಶೆಡ್ಡಿನ ಬಾಗಿಲು ಹಾಕಿಕೊಂಡು ಕುಣಿದಳು. ನಲವತ್ತೊಂಬತ್ತು ವರ್ಷದ ಹೆಂಗಸು, ಕೈಯಲ್ಲಿ ತಿರುಪುಳಿ ಹಿಡಿದು, ಬೆಳಗಿನ ಹತ್ತು ಗಂಟೆಗೆ. ಎಲೆಮೇರ್ ಬಚ್ಚಿಟ್ಟಿದ್ದ ಪಾಲಿಂಕಾ, ಅಂದರೆ ಜರ್ದಾಳು ಹಣ್ಣಿನ ಸಾರಾಯಿಯ ಬಾಟಲಿ ತೆಗೆದು ಒಂದು ಗುಟುಕು ಗಂಟಲಿಗೆ ಸುರಿದುಕೊಂಡು, ಹಾಗೆಯೇ ವೆಂದೆಲ್ ಬಾಚಿಯ ಕಚೇರಿಗೆ ಓಡಿದಳು.

ಬಾಚಿ ಎಲ್ಲ ಕೇಳಿದ. ಮೂಗಿನ ತುದಿಗೆ ಕನ್ನಡಕ ಇಳಿಸಿ ಅವಳನ್ನು ನೋಡಿದ.

"ತಂತಿ ತಾನಾಗಿ ಬಿತ್ತಾ, ನೀನು ಎಳೆದೆಯಾ?"

"ಎಳೆದೆ. ಪರೀಕ್ಷೆಗೆ."

"ಕುರ್ಚಿ ಕಾಲು ಗರಗಸದಲ್ಲಿ ಕುಯ್ದು, ಬಡಗಿ ಕೆಟ್ಟೋನು ಅಂದ ಹಾಗಾಯ್ತು."

"ಬಾಚಿ, ದೋಣಿ ಅದುರುತ್ತೆ. ತಿರುಪು ಸಡಿಲ ಆಗುತ್ತೆ..."

"ನೀನು ಪಾಲಿಂಕಾ ಕುಡಿದಿದ್ದೀಯ."

"ಒಂದೇ ಗುಟುಕು!"

"ಗಿಜಿ, ಕವಚ ಕರಗುತ್ತೆ ಅಂದೆ, ಬೆಸುಗೆ ಬಿಡುತ್ತೆ ಅಂದೆ, ದೀಪ ಸರಿಯಿಲ್ಲ ಅಂದೆ. ನಿನ್ನ ಕಸುಬಿನ ಮೇಲೆ ನನಗೆ ಗೌರವ ಇದೆ. ಆದ್ರೆ ನಿನ್ನ ಹೊಟ್ಟೆಕಿಚ್ಚಿಗೊಂದು ಮೀಟರು ಹಚ್ಚಿದ್ರೆ ಅದರ ಮುಳ್ಳು ಮುರಿದುಹೋಗುತ್ತೆ ಕಣಮ್ಮ. ಹೋಗು, ನೀರು ಕುಡಿದು ಮಲಕ್ಕೋ."

ಅವಳ ಮುಖ ಕಿವಿಯ ತನಕ ಕೆಂಪಾಯಿತು. ಬಂದ ದಾರಿಯಲ್ಲೇ ಮರಳಿದಳು. ಜನ ನಂಬಲಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಇನ್ನೊಂದು: ಬಾಚಿ ಹೇಳಿದ್ದು ನಿಜವಿದ್ದರೆ? ತನ್ನ ಕಣ್ಣಿಗೆ ಕಂಡದ್ದು ಪೆಟ್ಟಿಗೆಯ ನಿಜವಾದ ತಪ್ಪೋ, ತನ್ನ ಹೊಟ್ಟೆಕಿಚ್ಚು ಬಯಸಿದ್ದೋ? ಯಾವ ದೋಣಿಯಲ್ಲಿ ಯಾರು ಚಾರ್ಜಾಗುವಾಗ ತಂತಿ ಎಳೆಯುತ್ತಾರೆ?

ಎರಡು ದಿನ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಹೋಗಿ ತಂತಿಯನ್ನು ಮೊದಲಿನಂತೆ ಸೇರಿಸಿದಳು. ತಿರುಪನ್ನು ಪೂರ್ತಿ ಬಿಗಿಮಾಡದೆ, ಆತುರದ ಕೆಲಸದವನೊಬ್ಬ ಬಿಡಬಹುದಾದಷ್ಟು, ಕಾಲು ಸುತ್ತು ಸಡಿಲ ಬಿಟ್ಟಳು. ಇಡೀ ಸಾಲನ್ನು 'ಬೂದು ಕೊಕ್ಕರೆ'ಯ ತಳಕ್ಕೆ ಸಾಗಿಸಿ ಮೋಟಾರಿನ ಪಕ್ಕ ಕೂರಿಸಿ, ದೋಣಿಯನ್ನು ದಡಕ್ಕೆ ಕಟ್ಟಿದಂತೆಯೇ ಮೋಟಾರು ಓಡಿಸಿದಳು. ನಡುವೆ ಬಿಡುವಾದಾಗ ಚಾರ್ಜು ಕೊಟ್ಟಳು. ಮೀಟರನ್ನು ಹನ್ನೊಂದನೆಯ ಸೆಲ್ಲಿಗೇ ಕಟ್ಟಿಟ್ಟಿದ್ದಳು. ಈ ಸಲ ಅವಳು ಏನನ್ನೂ ಎಳೆಯಲಿಲ್ಲ, ಮುಟ್ಟಲೂ ಇಲ್ಲ. ಬೀಳದಿರಲಿ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಆಸೆಯಿತ್ತೋ ಏನೋ, ಅವಳಿಗೇ ತಿಳಿಯಲಿಲ್ಲ. ಎರಡನೆಯ ಮಧ್ಯಾಹ್ನ ತಂತಿ ತಾನಾಗಿ ಜಾರಿತು. ಪೆಟ್ಟಿಗೆಯ ಹಸಿರು ದೀಪ ಹಸಿರಾಗಿಯೇ ಉರಿಯಿತು.

ಆಗ ಅವಳು ಕುಣಿಯಲಿಲ್ಲ. ಮೋಟಾರು ನಿಲ್ಲಿಸಿ ಅಲ್ಲೇ ಕಬ್ಬಿಣದ ಪಟ್ಟಿಯ ಮೇಲೆ ಕೂತಳು.

ಸುಲಭದ ದಾರಿಯೊಂದು ಕಣ್ಣೆದುರಿಗೇ ಇತ್ತು. ಹೊರಗಿನ ಪೆಟ್ಟಿಗೆಗೆ ಸಹಿ ಹಾಕಿ ಕೈ ತೊಳೆದುಕೊಳ್ಳಬಹುದು. ಅದಕ್ಕೊಂದು ಎಚ್ಚರಿಕೆಯ ಗಂಟೆಯನ್ನು ತಾನೇ ಕಟ್ಟಿಕೊಡಬಹುದು. ಬೊರೋಕಾಳ ಪೆಟ್ಟಿಗೆಯ ಕಥೆ ಬೊರೋಕಾಳಿಗೆ ಬಿಟ್ಟದ್ದು. ಒಂದು ದಿನ ಎಲ್ಲೋ ಒಂದು ದೋಣಿಯಲ್ಲಿ ಸೆಲ್ ಉಬ್ಬುತ್ತದೆ, ಹೊಗೆಯಾಡುತ್ತದೆ, ಹಸಿರು ಕಡ್ಡಿಯ ಹೆಸರು ಮಣ್ಣುಪಾಲಾಗುತ್ತದೆ. ಆಗ ವೆಂದೆಲ್ ಬಾಚಿಯ ಮುಖ ನೋಡಬೇಕು. ಅವಳು ಈ ಯೋಚನೆಯನ್ನು ನಿಂಬೆಹುಳಿ ಮಿಠಾಯಿಯ ಹಾಗೆ ಬಾಯಲ್ಲಿಟ್ಟುಕೊಂಡು ಒಂದು ಇಡೀ ದಿನ ಚೀಪಿದಳು ಎಂಬುದನ್ನು ಮುಚ್ಚಿಡುವುದೇಕೆ?

ಮರುದಿನ ಭಾನುವಾರ. ವರ್ಷದ ಮೊದಲ ಬಿಸಿಲು. ಎಲೆಮೇರನಿಗೆ ಅಂಗಡಿಯಲ್ಲಿ ಕೈಜೋಡಿಸಲು ಹೋದಾಗ ಪುಟ್ಟ ದೋಣಿಯೊಂದು ಸದ್ದಿಲ್ಲದೆ ಬಂದು ದಡ ಮುಟ್ಟಿತು. ಎಪ್ಪತ್ತರ ಆಸುಪಾಸಿನ ಗಂಡಹೆಂಡತಿ, ಸೋಡಾ ಬೆರೆಸಿದ ವೈನಿನ ಲೋಟ ಹಿಡಿದು, ತಲೆಗೆ ಒಂದೇ ಬಣ್ಣದ ಟೋಪಿ ಹಾಕಿಕೊಂಡು. ಆಸನದ ಕೆಳಗೆ ಬ್ಯಾಟರಿ. ಪಕ್ಕದಲ್ಲಿ ಹಸಿರು ಕಡ್ಡಿ. ಅಜ್ಜಿ ಬ್ಯಾಟರಿಯ ಮುಚ್ಚಳದ ಮೇಲೆಯೇ ದಿಂಬು ಹಾಕಿ ಕೂತಿದ್ದಳು.

"ಎರಡು ಮೀನು ಕೊಡಿ ಅಮ್ಮಾ," ಎಂದಳು. "ತುದಿ ಗರಿಗರಿ ಇರ್ಲಿ."

ಗಿಜೆಲ್ಲಾ ಮೀನು ಕಟ್ಟಿಕೊಟ್ಟಳು. ಏಪ್ರನ್ನಿಗೆ ಕೈ ಒರೆಸಿಕೊಂಡು, ಅಂಗಡಿಯ ಹಿಂದೆ ಹೋಗಿ ಫೋನು ತೆಗೆದಳು. ಆ ನಂಬರು ಅವಳ ಬಳಿ ವರ್ಷಗಳಿಂದ ಇತ್ತು, ಒಮ್ಮೆಯೂ ಒತ್ತಿರಲಿಲ್ಲ.

"ಗಿಜಿ! ನೀನಾ? ಸತ್ಯವಾಗ್ಲೂ ನೀನಾ?" ಎಂದಿತು ಆ ಕಡೆಯ ದನಿ.

"ನಾನೇ. ನಿನ್ನ ಪೆಟ್ಟಿಗೇಲಿ ಒಂದು ತಪ್ಪಿದೆ. ಬಂದು ನೋಡು. ಫೋನಲ್ಲಿ ಹೇಳಲ್ಲ."

ಬೊರೋಕಾ ಮಾರನೆಯ ಬೆಳಿಗ್ಗೆ ಎಂಟಕ್ಕೇ ಬಂದಳು. ಕೂದಲು ಅರ್ಧ ನರೆತಿತ್ತು, ಬೆರಳುಗಳ ಮೇಲೆ ಹಳೆಯ ಸುಟ್ಟ ಕಲೆಗಳು. ಗಿಜೆಲ್ಲಾ ದೋಣಿಯ ತಳಕ್ಕೆ ಕರೆದೊಯ್ದು ಒಂದೊಂದಾಗಿ ತೋರಿಸಿದಳು: ತಿರುಪು, ತಂತಿ, ಹಸಿರು ದೀಪ, ತನ್ನ ಮೀಟರು. ಬೊರೋಕಾ ಮೊಣಕಾಲೂರಿ ಕೂತು ನೋಡಿದಳು. ತಾನೇ ಮತ್ತೊಮ್ಮೆ ಮಾಡಿದಳು. ಮತ್ತೂ ಒಮ್ಮೆ. ಅವಳ ಮುಖದ ರಕ್ತ ಇಳಿದುಹೋಯಿತು.

"ಮೂವತ್ತೊಂದು ದೋಣಿ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ತಲೆ ಎತ್ತಿದಳು. "ನಮ್ಮಲ್ಲಿ ಐದು ಜನ ಎರಡು ವರ್ಷ ಇದನ್ನ ಹಿಂಡಿ ಹಿಪ್ಪೆ ಮಾಡಿದ್ವಿ. ನಿನಗೆ ಹೇಗೆ ಹೊಳೀತು?"

"ಹೊಳೀಲಿಲ್ಲ. ಹುಡುಕಿದೆ."

"ಏನನ್ನ?"

ಸುಳ್ಳು ಹೇಳಬಹುದಿತ್ತು. ಮೂರು ವಾರದ ದಣಿವೋ ಏನೋ, ಗಿಜೆಲ್ಲಾಗೆ ಸುಳ್ಳು ಕಟ್ಟಲು ಬೇಸರವಾಯಿತು. "ನಿನ್ನ ತಪ್ಪನ್ನ. ಬ್ಯಾಟರಿ ಚೆನ್ನಾಗಿ ಕಾಯುತ್ತಾ ಅಂತ ನಾನು ನೋಡ್ಲಿಲ್ಲ, ಬೊರೋಕಾ. ನೀನೆಲ್ಲಿ ಮುಗ್ಗರಿಸ್ತೀಯ ಅಂತ ನೋಡ್ತಿದ್ದೆ. ಸಿಕ್ಕಾಗ ಕುಣಿದೆ."

ಬೊರೋಕಾ ನಗಲಿಲ್ಲ. "ಯಾಕೆ?"

"ಯಾಕೆ ಅಂದ್ರೆ... ಮೇಷ್ಟ್ರು ಗೋಡೆಗೆ ತೂಗುಹಾಕಿದ್ದು ನನ್ನ ಕೆಲಸ."

ಬಾಯಿಂದ ಹೊರಬಿದ್ದ ಮೇಲೆ ಅದು ಎಷ್ಟು ಚಿಕ್ಕ ಮಾತು ಎಂದು ತಿಳಿಯಿತು. ಮೂವತ್ತು ವರ್ಷ ಹೊತ್ತು ತಿರುಗಿದ್ದು ಇಷ್ಟೇನಾ?

"ನನಗೆ ಗೊತ್ತಿಲ್ವಾ ಅದು?" ಎಂದಳು ಬೊರೋಕಾ. "ಮೂರು ವರ್ಷ ದಿನಾ ಅದನ್ನೇ ನೋಡ್ಕೊಂಡು ಕೂತಿದ್ದೆ. ಒಂದು ದಿನ ಅದರ ಮೇಲೆ ಶಾಯಿ ಎರಚೋಣ ಅಂತ ಬಾಟಲಿ ಮುಚ್ಚಳ ಕೂಡ ತೆಗೆದಿದ್ದೆ. ಮೇಷ್ಟ್ರು ಬಂದ್ಬಿಟ್ರು." ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡಳು. "ಸರಿ. ಈಗ ಇದರ ಗತಿ ನೋಡೋಣ. ಇವತ್ತೇ ಮೂವತ್ತೊಂದು ಜನಕ್ಕೂ ಪತ್ರ ಹೋಗ್ಬೇಕು. ಕಂಡುಹಿಡಿದೋಳು ನೀನು ಅಂತ ಬರೀತೀನಿ."

"ಬೇಡ."

"ಯಾಕೆ ಬೇಡ?"

"ನಿನ್ನ ಪತ್ರದಲ್ಲಿ ನನ್ನ ಹೆಸರು ಬೇಡ ಅಂದ್ನಲ್ಲ."

"ನಿನ್ನಿಷ್ಟ," ಎಂದಳು ಬೊರೋಕಾ, ಫೋನಿನಲ್ಲಿ ಆಗಲೇ ಯಾರನ್ನೋ ಕರೆಯುತ್ತ.

ಹತ್ತು ದಿನದಲ್ಲಿ ಹೊಸ ಪೆಟ್ಟಿಗೆ ಬಂತು. ಈಗದು ಎರಡೆರಡು ಸೆಕೆಂಡಿಗೊಮ್ಮೆ ತಂತಿಗಳನ್ನೆಲ್ಲ ಎಣಿಸುತ್ತಿತ್ತು. ತಿರುಪಿನ ಬದಲು ಕಟಕ್ಕೆಂದು ಕಚ್ಚಿಕೊಳ್ಳುವ ಕೊಂಡಿ. ಗಿಜೆಲ್ಲಾ ಮತ್ತೆ ಹೂಡಿದಳು, ಮತ್ತೆ ಎಳೆದಳು, ಅದುರಿಸಿದಳು, ನೆನೆಸಿದಳು. ಎರಡು ವಾರದಲ್ಲಿ ಕೂದಲೆಳೆಯಷ್ಟು ತಪ್ಪೂ ಸಿಗಲಿಲ್ಲ. ಪೆನ್ನು ತೆಗೆದು ಕಾಗದದ ಮೇಲೆ ಬೊರೋಕಾಳ ಪೆಟ್ಟಿಗೆಯ ಹೆಸರು ಬರೆದು ಸಹಿ ಹಾಕಿದಳು. ಎಷ್ಟು ಒತ್ತಿ ಬರೆದಳೆಂದರೆ ಕಾಗದ ತೂತಾಯಿತು. ವೆಂದೆಲ್ ಬಾಚಿ ಆ ಕಾಗದ ತೆಗೆದುಕೊಂಡು, ಮೇಜಿನ ಡ್ರಾಯರಿನಿಂದ ಒಂದು ಬಾಟಲಿ ಓಲಾಸ್‌ರಿಜ್ಲಿಂಗ್ ವೈನ್ ತೆಗೆದು ಅವಳ ಮುಂದೆ ಇಟ್ಟ.

"ತಪ್ಪಾಯ್ತು, ಗಿಜಿ. ಆವತ್ತು ನಾನು ನಿನ್ನ ಮಾತು ಕೇಳ್ಬೇಕಿತ್ತು."

"ನೀರು ಕುಡಿದು ಮಲಕ್ಕೋ ಅಂದಿದ್ರಿ."

"ಅಂದಿದ್ದೆ. ಈಗ ಇದನ್ನ ಕುಡಿದು ಮಲಕ್ಕೋ."

ಇಲ್ಲಿಗೆ ಎಲ್ಲ ತಣ್ಣಗಾಗಬೇಕಿತ್ತು. ಆದರೆ ಮುಂದಿನ ವಾರ ಜಿಲ್ಲೆಯ ಪತ್ರಿಕೆಯಲ್ಲಿ ಅರ್ಧ ಪುಟದ ಸುದ್ದಿ ಬಂತು. 'ತನ್ನ ತಪ್ಪನ್ನು ತಾನೇ ಸಾರಿದ ಧೀರೆ.' ಬೊರೋಕಾಳ ಚಿತ್ರ. ಮೂವತ್ತೊಂದು ದೋಣಿಗಳ ಪೆಟ್ಟಿಗೆಯನ್ನೂ ಅವಳು ಬಿಟ್ಟಿಯಾಗಿ ಬದಲಿಸಿಕೊಟ್ಟಳಂತೆ. ಇಂಥ ಪ್ರಾಮಾಣಿಕತೆ ಈ ಕಾಲದಲ್ಲಿ ಎಲ್ಲಿದೆಯಂತೆ. ನಡುವೆ ಎಲ್ಲೋ ಒಂದು ಸಾಲು: 'ಸರೋವರದ ದಡದ ಅನುಭವಿ ಸಹೋದ್ಯೋಗಿಯೊಬ್ಬರು ಗಮನಕ್ಕೆ ತಂದಾಗ...'

"ಸಹೋದ್ಯೋಗಿಯೊಬ್ಬರು!" ಎಂದಳು ಗಿಜೆಲ್ಲಾ. ಪತ್ರಿಕೆ ಮುದುರಿ ಎಸೆದಳು. ಎತ್ತಿಕೊಂಡು, ಬಿಡಿಸಿ, ಮತ್ತೆ ಓದಿ, ಮತ್ತೆ ಎಸೆದಳು. "ಒಬ್ಬರಂತೆ! ಒಬ್ಬರು!"

"ಹೆಸರು ಹಾಕ್ಬೇಡ ಅಂದೋಳು ನೀನೇ ತಾನೆ?" ಎಂದ ಎಲೆಮೇರ್.

"ಹೌದು. ಅದಕ್ಕೇ?"

"ಅದಕ್ಕೇ ಅವಳು ಹಾಕಿಲ್ಲ."

"ನಾನು ಬೇಡ ಅಂದ್ರೆ ಬೇಡ ಅಂತ ತಿಳ್ಕೊಳ್ಳೋದಾ?"

ಎಲೆಮೇರ್ ಪತ್ರಿಕೆ ಎತ್ತಿ ಮಡಿಸಿಟ್ಟ. ಆ ಸಂಜೆ ಬೊರೋಕಾ ಏನೋ ಕೇಳಲು ಫೋನು ಮಾಡಿದಾಗ, ಗಿಜೆಲ್ಲಾ ಎತ್ತದೆ ಮುಖ ಊದಿಸಿಕೊಂಡು ಕೂತಿದ್ದರಿಂದ, ಅವನೇ ಎತ್ತಿದ. "ಅವಳು ಮಾತಾಡಲ್ಲ ಕಣಮ್ಮ," ಎಂದ. "ಪೇಪರಲ್ಲಿ ಹೆಸರು ಬಂದಿಲ್ಲ ಅಂತ ಸಿಟ್ಟು." ಗಿಜೆಲ್ಲಾ ಜಿಗಿದು ಫೋನು ಕಸಿಯಲು ಹೋದಳು. ಅವನು ಕೈ ಮೇಲೆತ್ತಿ ಹಿಡಿದ. "ಹೌದಮ್ಮ, ಬೇಡ ಅಂದಿದ್ದು ಅವಳೇ. ಅವಳು ಬೇಡ ಅಂದ್ರೆ ಇನ್ನೆರಡು ಸಲ ಕೇಳ್ಬೇಕು. ಇಪ್ಪತ್ತೈದು ವರ್ಷದಿಂದ ನಾನು ಹಾಗೇ ಬದುಕಿರೋದು." ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಗಿಜೆಲ್ಲಾಗೆ. ಆ ತುದಿಯಲ್ಲಿ ಬೊರೋಕಾ ನಗುವುದು ಅಡುಗೆಮನೆಗೆಲ್ಲ ಕೇಳಿಸಿತು.

ಪೆಂತೆಕೋಸ್ತ್ ಸೋಮವಾರ 'ಬೂದು ಕೊಕ್ಕರೆ' ಹೊಸ ಬ್ಯಾಟರಿಯ ಮೇಲೆ ಮೊದಲ ಸಲ ಹೊರಟಿತು. ಬ್ಯಾಂಡಿನವರು, ಪಾದ್ರಿ, ಟೀವಿಯವರು. ಗಿಜೆಲ್ಲಾ ಕೆಳಗೆ ಬ್ಯಾಟರಿ ಕೋಣೆಯಲ್ಲಿದ್ದಳು. ಮೇಲೆ ಬೊರೋಕಾ ಮೈಕಿನ ಮುಂದೆ ಮಾತಾಡುವುದು ತೇಲಿ ಬಂತು. ಅವಳು ಗಿಜೆಲ್ಲಾಳ ಹೆಸರನ್ನು ಪೂರ್ತಿಯಾಗಿ, ಮನೆತನದ ಹೆಸರು ಸಮೇತ, ಎರಡು ಸಲ ಹೇಳಿದಳು. ಈ ದಡಕ್ಕೆ ಲಿಥಿಯಮ್ ತಂದವಳೇ ಅವಳು ಎಂದೂ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಅರವತ್ತನಾಲ್ಕು ಸೆಲ್‌ಗಳ ಅಂಕಿ ನೋಡುತ್ತ ನಿಂತ ಗಿಜೆಲ್ಲಾಗೆ ಅಂಕಿಗಳು ಸ್ವಲ್ಪ ಹೊತ್ತು ಮಸುಕಾದವು.

ಮರುದಿನ ಮನೆಯಲ್ಲಿ ಟೀವಿ ಹಾಕಿಕೊಂಡು ಕೂತರು. ವೆಂದೆಲ್ ಬಾಚಿಯೂ ಬಂದಿದ್ದ. ಬ್ಯಾಂಡು ಬಂತು, ಪಾದ್ರಿ ಬಂದರು, ಬೊರೋಕಾ ಬಂದಳು. ಪೆಟ್ಟಿಗೆಯ ಬಗ್ಗೆ ಒಂದು ಮಾತು ಆಡಿದಳು, ಅಷ್ಟರಲ್ಲಿ ಚಿತ್ರ ಕತ್ತರಿಸಿ ಸರೋವರದ ಬಾತುಕೋಳಿಗಳನ್ನು ತೋರಿಸಿದರು. ಹೆಸರು ಬರಲೇ ಇಲ್ಲ. ಕೊನೆಗೆ ಕೆಳಗಿನ ಕೋಣೆಯ ಒಂದು ಚಿತ್ರ: ಸಾಲು ಸೆಲ್‌ಗಳು, ಹಸಿರು ಕಡ್ಡಿಯ ಪೆಟ್ಟಿಗೆ, ಅದರ ಪಕ್ಕದಲ್ಲಿ ಯಾರದೋ ಮೊಣಕೈ.

ಎಲೆಮೇರ್ ಹೆಂಡತಿಯ ಕಡೆ ನೋಡಲು ಹೆದರಿ ಗೋಡೆ ನೋಡಿದ.

"ಒಳ್ಳೇ ಮೊಣಕೈ," ಎಂದ ವೆಂದೆಲ್ ಬಾಚಿ, ಬಹಳ ಗಂಭೀರವಾಗಿ.

ಗಿಜೆಲ್ಲಾ ತನ್ನ ಮೊಣಕೈಯನ್ನೊಮ್ಮೆ ನೋಡಿಕೊಂಡಳು. ಆಮೇಲೆ ಎಲ್ಲಿಂದಲೋ ನಗು ಉಕ್ಕಿತು. ಬಿದ್ದು ಬಿದ್ದು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ. ಕಿಚ್ಚು ಆರಿತು ಎಂದಲ್ಲ. ಆ ಹಸಿರು ಕಡ್ಡಿ ಕಂಡಾಗ ಒಳಗೆ ಚುರುಕ್ಕೆನ್ನುವುದು ಇವತ್ತಿಗೂ ಇದೆ. ಆದರೆ ಈಗ ಅದರ ಪಕ್ಕದಲ್ಲಿ ಕೂತು ಊಟ ಮಾಡಬಹುದು, ಅಷ್ಟೇ.

ಫೋನು ಬಡಿದುಕೊಂಡಿತು. ಈ ಸಲ ಅವಳೇ ಎತ್ತಿದಳು.

"ನೋಡಿದೆಯಾ?" ಎಂದಳು ಬೊರೋಕಾ. "ಆ ಟೀವಿ ಮುಂಡೇವು ನಿನ್ನ ಹೆಸರು ಕತ್ತರಿಸಿ ಬಾತುಕೋಳಿ ಹಾಕಿದ್ದಾರೆ! ನಾಳೆನೇ ಫೋನು ಮಾಡಿ ಉಗೀತೀನಿ."

"ಬಿಡು. ಬಾತುಕೋಳಿ ಚೆನ್ನಾಗಿತ್ತು."

"ನಿಜವಾಗ್ಲೂ ಬಿಡ್ಲಾ? ಇನ್ನೆರಡು ಸಲ ಕೇಳ್ಬೇಕಂತಲ್ಲ."

"ಬಿಡು ಅಂದೆ. ಏನು ವಿಷಯ ಹೇಳು."

"ಹೊಸ ಪೆಟ್ಟಿಗೆ ಮಾಡಿದ್ದೀವಿ. ದೊಡ್ಡ ದೋಣಿಗೆ, ನೂರೆಂಟು ಸೆಲ್‌ದು. ಮಾರೋಕೆ ಮುಂಚೆ ನಿನ್ನ ಹತ್ರ ಕಳಿಸ್ಲಾ? 'ಇದನ್ನ ಕೆಡವು' ಅಂತ."

ಗಿಜೆಲ್ಲಾ ಕಿಟಕಿಯಾಚೆ ನೋಡಿದಳು. ನೂರೆಂಟು ಸೆಲ್. ಅಷ್ಟು ದೊಡ್ಡದನ್ನು ಅವಳು ಇನ್ನೂ ಮುಟ್ಟಿರಲಿಲ್ಲ. ಬೊರೋಕಾ ಮುಟ್ಟಿದ್ದಾಳೆ.

"ಕಳಿಸು," ಎಂದಳು. "ಈ ಸಲ ಮೂರು ವಾರ ಬೇಕಾಗಲ್ಲ."